ಯಲ್ಲಮ್ಮ: ಬಳೆ ಒಡೆಯುವ ಹುಣ್ಣಿಮೆ, ಬಳೆ ತೊಡುವ ಹುಣ್ಣಿಮೆ

ಗೋಕಾಕದಿಂದ ಮತ್ತೊಂದು ಕಂತು.

ಮೊದಲು ಒಂದು ಸಣ್ಣ ಕೆಲಸ ಮಾಡ್ರಿ. ನಿಮ್ಮ ಫೋನಿನ ಕಾಂಟ್ಯಾಕ್ಟ್ ಲಿಸ್ಟ್ ತೆಗೀರಿ. ಯಲ್ಲಪ್ಪ, ಯಲ್ಲವ್ವ, ರೇಣುಕಾ, ಪರಸಪ್ಪ, ಪರಶುರಾಮ... ಇದರಲ್ಲಿ ಒಂದು ಹೆಸರೂ ಸಿಗಲಿಲ್ಲ ಅಂದ್ರೆ ನೀವು ಬಹುಶಃ ಬೆಳಗಾವಿ ಸೀಮೆಯವರಲ್ಲ. ಈ ಹೆಸರುಗಳೆಲ್ಲ ಒಂದೇ ಮನೆತನದವು. ಸವದತ್ತಿ ಗುಡ್ಡದ ಮೇಲೆ ಕೂತಿರೋ ಏಳುಕೊಳ್ಳದ ಯಲ್ಲಮ್ಮನ ಮನೆತನ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳಿಗೆ ಆಕೆ ಮನೆದೇವರು. ಯರಗಟ್ಟಿ ದಾರಿ ಹಿಡಿದು ಸವದತ್ತಿಗೆ ಹೋಗೋ ಚಕ್ಕಡಿ, ಟ್ರ್ಯಾಕ್ಟರು, ಟೆಂಪೋಗಳನ್ನ ನೋಡಿಯೇ ಜಾತ್ರೆ ಬಂತು ಅಂತ ನಮಗೆ ಗೊತ್ತಾಗೋದು.

ಇವತ್ತಿನ ಪ್ರಶ್ನೆ ಹುಟ್ಟಿದ್ದು ಆಕೆಯ ಕ್ಯಾಲೆಂಡರಿನಿಂದ. ಮಾರ್ಗಶಿರ ಮಾಸದ ಹುಣ್ಣಿಮೆಗೆ ಪಂಚಾಂಗದಲ್ಲಿ ಹೊಸ್ತಿಲ ಹುಣ್ಣಿಮೆ ಅಂತ ಹೆಸರು. ಹಿರಿಯರ ಬಾಯಲ್ಲಿ ಮಾತ್ರ ಅದು ರಂಡಿ ಹುಣ್ಣಿಮೆ. ಈಗ ಜಗಳದಲ್ಲಿ ಬೈಗುಳವಾಗಿ ಮಾತ್ರ ಕೇಳೋ ಈ ಪದಕ್ಕೆ ಇಲ್ಲಿರೋ ಅರ್ಥ ಗಂಡ ಸತ್ತವಳು ಅಂತ. ಅಲ್ಲಿಂದ ಎರಡು ತಿಂಗಳು ಬಿಟ್ಟು ಮಾಘ ಮಾಸದಲ್ಲಿ ಭರತ ಹುಣ್ಣಿಮೆ ಬರುತ್ತೆ. ಅದಕ್ಕೆ ಜನ ಮುತ್ತೈದಿ ಹುಣ್ಣಿಮೆ ಅಂತಾರೆ.

ಅಂದ್ರೆ ಈ ದೇವಿ ಪ್ರತಿ ವರ್ಷ ವಿಧವೆ ಆಗ್ತಾಳೆ, ಪ್ರತಿ ವರ್ಷ ಮತ್ತೆ ಮುತ್ತೈದೆ ಆಗ್ತಾಳೆ. ಯಾಕೆ? ಆಕೆಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಸಾವಿರಾರು ಹೆಣ್ಣುಮಕ್ಕಳಿಗೆ ಈ ಕ್ಯಾಲೆಂಡರ್ ಕೊಟ್ಟದ್ದೇನು? ಈ ಎರಡು ಪ್ರಶ್ನೆ ಹಿಡ್ಕೊಂಡು ಹೋಗೋಣ.

ಪುಸ್ತಕದ ರೇಣುಕೆ, ಗುಡ್ಡದ ಯಲ್ಲಮ್ಮ

ಮೊದಲು ಪುಸ್ತಕದ ಕತೆ. ಮಹಾಭಾರತದ ವನಪರ್ವದಲ್ಲಿ ಜಮದಗ್ನಿ ಋಷಿಯ ಹೆಂಡತಿ ರೇಣುಕೆ ಬರ್ತಾಳೆ. ಐದು ಗಂಡು ಮಕ್ಕಳು, ಕೊನೆಯವನು ಪರಶುರಾಮ. ಒಂದಿನ ನೀರಿಗೆ ಹೋದಾಗ ಚಿತ್ರರಥ ಅನ್ನೋ ರಾಜ ಹೆಂಡತಿಯರ ಜೊತೆ ಜಲಕ್ರೀಡೆ ಆಡೋದು ಕಣ್ಣಿಗೆ ಬೀಳುತ್ತೆ. ಒಂದು ಕ್ಷಣ ಮನಸ್ಸು ಅಲ್ಲಾಡುತ್ತೆ. ಅಷ್ಟೇ ಆಕೆಯ ತಪ್ಪು. ಗಂಡನಿಗೆ ಗೊತ್ತಾಗಿ, ತಾಯಿಯನ್ನ ಕೊಲ್ಲಿ ಅಂತ ಮಕ್ಕಳಿಗೆ ಹೇಳ್ತಾನೆ. ನಾಲ್ವರು ಒಪ್ಪಲ್ಲ, ಶಾಪ ತಗೋತಾರೆ. ಐದನೆಯವನು ಕೊಡಲಿ ಎತ್ತುತಾನೆ. ಮೆಚ್ಚಿದ ಅಪ್ಪ ವರ ಕೇಳು ಅಂದಾಗ ಪರಶುರಾಮ ಮೊದಲು ಕೇಳೋದು ತಾಯಿಯ ಜೀವವನ್ನ, ಜೊತೆಗೆ ತಾನು ಸತ್ತಿದ್ದ ನೆನಪು ಆಕೆಗೆ ಇರಬಾರದು ಅನ್ನೋದನ್ನ. ಮುಂದೆ ಕಾರ್ತವೀರ್ಯಾರ್ಜುನನ ಮಕ್ಕಳ ಕೈಯಲ್ಲಿ ಜಮದಗ್ನಿ ಸಾಯ್ತಾನೆ. ರೇಣುಕೆಯ ಮುಂದಿನ ಬದುಕಿನ ಬಗ್ಗೆ ಆ ಪುಸ್ತಕಕ್ಕೆ ಹೆಚ್ಚು ಆಸಕ್ತಿ ಇಲ್ಲ. ಅಲ್ಲಿಂದಾಚೆ ಅದು ಪರಶುರಾಮನ ಸೇಡಿನ ಕತೆ.

ಈಗ ಗುಡ್ಡದ ಕತೆ. ಚೌಡಿಕೆ ಬಾರಿಸಿಕೊಂಡು ಜೋಗತಿಯರು ಹಾಡೋದು ಇದನ್ನ. ಇಲ್ಲಿ ರೇಣುಕೆ ದಿನಾ ನದಿಗೆ ಹೋಗಿ ಮರಳಿನಿಂದಲೇ ಕೊಡ ಮಾಡ್ತಾಳೆ. ಹಾವನ್ನ ಸುತ್ತಿ ಸಿಂಬಿ ಮಾಡಿ ತಲೆ ಮೇಲಿಟ್ಟು, ಅದರ ಮೇಲೆ ಕೊಡ ಹೊತ್ತು ತರ್ತಾಳೆ. ಪಾತಿವ್ರತ್ಯದ ಶಕ್ತಿ ಅದು. ಮನಸ್ಸು ಅಲ್ಲಾಡಿದ ದಿನ ಮರಳು ಕೊಡ ಆಗಲ್ಲ, ಹಾವು ಹರಿದು ಹೋಗುತ್ತೆ. ಬರಿಗೈಲಿ ಬಂದವಳಿಗೆ ಗಂಡ ಶಾಪ ಕೊಡ್ತಾನೆ, ಮೈತುಂಬ ರೋಗ ಬಂದು ಕಾಡು ಪಾಲಾಗ್ತಾಳೆ. ಎಕ್ಕಯ್ಯ, ಜೋಗಯ್ಯ ಅನ್ನೋ ಸಿದ್ಧರು ಆಕೆಯನ್ನ ನೋಡಿ, ಇಲ್ಲಿ ಮೀಯು, ಊರಲ್ಲಿ ಜೋಗ ಬೇಡು ಅಂತ ದಾರಿ ತೋರಿಸ್ತಾರೆ. ರೋಗ ಹೋಗುತ್ತೆ. ಚೆಂದಾಗಿ ಮನೆಗೆ ಬಂದವಳನ್ನ ಕಂಡು ಗಂಡನ ಸಿಟ್ಟು ಇನ್ನೂ ಏರುತ್ತೆ. ಆಮೇಲೆ ಕೊಡಲಿಯ ಪ್ರಸಂಗ.

ಗುಡ್ಡದ ಕತೆ ಪುಸ್ತಕದ ಕತೆಗೆ ಸೇರಿಸಿದ್ದು ಏನು ಅಂತ ಲೆಕ್ಕ ಹಾಕಿ. ರೋಗ ಸೇರಿಸ್ತು, ಮನೆಯಿಂದ ಹೊರಹಾಕಿಸಿಕೊಂಡ ದುಃಖ ಸೇರಿಸ್ತು, ಭಿಕ್ಷೆ ಸೇರಿಸ್ತು. ಮಾತು ಕೇಳದ ನಾಲ್ಕು ಗಂಡು ಮಕ್ಕಳಿಗೆ ಗಂಡಸುತನ ಹೋಗಲಿ ಅನ್ನೋ ಶಾಪ ಸೇರಿಸ್ತು. ದಕ್ಷಿಣ ಭಾರತದ ತುಂಬ ಹಬ್ಬಿರೋ ಇನ್ನೊಂದು ಎಳೆಯಲ್ಲಿ, ಕೊಡಲಿಗೆ ಹೆದರಿ ಓಡಿದ ರೇಣುಕೆ ಮಾತಂಗಿ ಅನ್ನೋ ಕೆಳಜಾತಿಯ ಹೆಣ್ಣುಮಗಳನ್ನ ಅಪ್ಪಿಕೊಳ್ತಾಳೆ. ಒಂದೇ ಏಟಿಗೆ ಇಬ್ಬರ ತಲೆಯೂ ಬೀಳುತ್ತೆ. ಜೋಡಿಸುವಾಗ ತಲೆಗಳು ಅದಲುಬದಲಾಗ್ತವೆ. ಒಬ್ಬಳ ಮೈ, ಇನ್ನೊಬ್ಬಳ ತಲೆ. ಸವದತ್ತಿ ಗುಡ್ಡದಲ್ಲಿ ಮಾತಂಗಿಗೂ ಗುಡಿ ಇದೆ.

ರೋಗ ಬಂದವರು, ಗಂಡ ಬಿಟ್ಟವರು, ಬೇಡಿ ತಿನ್ನೋರು, ಗಂಡು ಹೆಣ್ಣು ಅನ್ನೋ ಎರಡು ಖಾನೆಯಲ್ಲಿ ಕೂಡದವರು, ಊರಾಚೆ ಇರೋರು. ಇವರೆಲ್ಲ ತಮ್ಮನ್ನ ಗುರುತಿಸಿಕೊಳ್ಳೋಕೆ ಒಂದೊಂದು ಬಾಗಿಲು ಆ ಕತೆಯಲ್ಲಿದೆ. ಆಶ್ರಮದ ರೇಣುಕೆ ಯಲ್ಲಮ್ಮ ಆಗಿದ್ದು ಹೀಗೆ. ಯಲ್ಲಮ್ಮ ಅಂದ್ರೆ ಎಲ್ಲರ ಅಮ್ಮ ಅಂತ ಜನ ಅರ್ಥ ಹೇಳೋದೂ ಇದಕ್ಕೇ.

ರಾಯಬಾಗದ ನಾಯಕ ಕಟ್ಟಿಸಿದ ಗುಡಿ

ಜಾಗದ ಇತಿಹಾಸ ಸ್ವಲ್ಪ ನೋಡೋಣ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. 9ನೇ ಶತಮಾನದಿಂದ 13ನೇ ಶತಮಾನದವರೆಗೆ ಈ ಸೀಮೆ ಆಳಿದ ರಟ್ಟರ ಮೊದಲ ರಾಜಧಾನಿ ಅದು. ಆಮೇಲೆ ಅವರು ವೇಣುಗ್ರಾಮಕ್ಕೆ, ಅಂದ್ರೆ ಬೆಳಗಾವಿಗೆ ಹೋದರು. ರಟ್ಟರು ಜೈನ ಬಸದಿಗಳಿಗೆ ಆಶ್ರಯ ಕೊಟ್ಟವರು. ಊರಿನಿಂದ ಆಚೆ, ಉಗರಗೋಳದ ಹತ್ತಿರದ ಕೊಳ್ಳದಲ್ಲಿದೆ ಯಲ್ಲಮ್ಮನ ಗುಡಿ. ಈಗಿನ ಗುಡಿಯನ್ನ 1514ರಲ್ಲಿ ಕಟ್ಟಿಸಿದವನು ರಾಯಬಾಗದ ಬೊಮ್ಮಪ್ಪ ನಾಯಕ ಅಂತ ಹೇಳ್ತಾರೆ. ಹಂಪಿಯಲ್ಲಿ ಕೃಷ್ಣದೇವರಾಯ ಆಳ್ತಿದ್ದ ಕಾಲ ಅದು. ರಾಯಬಾಗ ಅಂದ್ರೆ ನಮ್ಮ ಮೂಡಲಗಿಯ ಪಕ್ಕದ ಸೀಮೆ. ನಮ್ಮ ಕಡೆಯಿಂದ ಆ ಗುಡ್ಡಕ್ಕೆ ಹೋಗೋ ದಾರಿ 500 ವರ್ಷಕ್ಕಿಂತ ಹಳೆಯದು ಅಂತಾಯ್ತು. ಗುಡಿಯ ತಳದಲ್ಲಿ ಅದಕ್ಕೂ ಹಿಂದಿನ ಚಾಲುಕ್ಯ, ರಾಷ್ಟ್ರಕೂಟ ಶೈಲಿಯ ಕುರುಹು ಇದೆ ಅಂತ ಪುರಾತತ್ವದವರು ಹೇಳ್ತಾರೆ.

ಸುತ್ತಲ ನೆಲ ಪೂರ್ತಿ ಆ ಕತೆಯ ನಕ್ಷೆ. ಮಲಪ್ರಭೆ ಹೊಳೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಜಲಾಶಯದ ಹೆಸರು ರೇಣುಕಾ ಸಾಗರ. ಹತ್ತಿರದ ಕೋಟೆ ಪರಸಗಡ, ಅದು ಪರಶುರಾಮನ ಹೆಸರು. ಸವದತ್ತಿ ತಾಲೂಕಿಗೇ ಹಿಂದೆ ಪರಸಗಡ ತಾಲೂಕು ಅಂತಿದ್ದರು. ಗುಡ್ಡ ಏರೋ ಮೊದಲು ಮೀಯೋ ಜಾಗ ಜೋಗುಳಬಾವಿ. ಮೇಲೆ ಎಣ್ಣೆ ಹೊಂಡ, ಪರಶುರಾಮನ ಗುಡಿ, ಜಮದಗ್ನಿಯ ಗುಡಿ. ಗಂಡ, ಮಗ, ಮಾತಂಗಿ ಎಲ್ಲರೂ ಅಲ್ಲೇ ಇದ್ದಾರೆ. ಸಂಸಾರದ ಜಗಳದಲ್ಲಿ ಇದ್ದವರೆಲ್ಲ ಒಂದೇ ಗುಡ್ಡದಲ್ಲಿ ವಾಸ.

ಎರಡು ಹುಣ್ಣಿಮೆ, ಮತ್ತು ಗ್ರೀಸಿನ ಒಂದು ಊರು

ಈಗ ಕ್ಯಾಲೆಂಡರಿಗೆ ಬರೋಣ. ಹೊಸ್ತಿಲ ಹುಣ್ಣಿಮೆ ಜಮದಗ್ನಿ ಸತ್ತ ದಿನ ಅಂತ ನಂಬಿಕೆ. ಅವತ್ತು ದೇವಿಯ ಕಂಕಣ, ಮಂಗಳಸೂತ್ರ ವಿಸರ್ಜನೆ ಆಗುತ್ತೆ. ಅವಳ ಜೊತೆ ಜೋಗತಿಯರೂ ಬಳೆ ಒಡ್ಕೊಳ್ತಿದ್ದರು. ನಡುವೆ ಪುಷ್ಯ ಮಾಸದಲ್ಲಿ ಬನದ ಹುಣ್ಣಿಮೆ. ಆಮೇಲೆ ಮಾಘದ ಭರತ ಹುಣ್ಣಿಮೆ. ಪರಶುರಾಮ ಅಪ್ಪನನ್ನ ಬದುಕಿಸಿಕೊಂಡ, ರೇಣುಕೆಗೆ ಮುತ್ತೈದೆತನ ಮರಳಿತು ಅಂತ ಗುಡ್ಡದ ಕತೆ. ಅವತ್ತು ದೇವಿಗೆ ಮತ್ತೆ ಕಂಕಣ, ಮತ್ತೆ ಬಳೆ, ಮತ್ತೆ ಕುಂಕುಮ. ಲಕ್ಷಗಟ್ಟಲೆ ಜನ, ಭಂಡಾರದ ಹಳದಿ ಧೂಳು, ಉಧೋ ಉಧೋ ಅನ್ನೋ ಕೂಗು. ಮಹಾಭಾರತದಲ್ಲಿ ಸತ್ತ ಜಮದಗ್ನಿಗೆ ಮಗ ಅಂತ್ಯಕ್ರಿಯೆ ಮಾಡ್ತಾನೆ. ಗುಡ್ಡದಲ್ಲಿ ಅದೇ ಜಮದಗ್ನಿ ಎದ್ದು ಕೂರ್ತಾನೆ.

ಇದನ್ನ ಓದ್ತಿದ್ದಾಗ ನನಗೆ ನೆನಪಾಗಿದ್ದು ಗ್ರೀಕರ ಹೇರಾ. ಹೇರಾ ಗೊತ್ತಲ್ಲ, ದೇವರಾಜ ಝೂಸ್‌ನ ಹೆಂಡತಿ, ಮದುವೆಯ ದೇವತೆ. ಕ್ರಿ.ಶ. 2ನೇ ಶತಮಾನದಲ್ಲಿ ಪೌಸಾನಿಯಾಸ್ ಅನ್ನೋನು ಗ್ರೀಸ್ ಪೂರ್ತಿ ತಿರುಗಿ ಯಾವ ಊರಲ್ಲಿ ಯಾವ ಗುಡಿ ಇದೆ, ಏನು ಆಚರಣೆ ಇದೆ ಅಂತ ಬರೆದಿಟ್ಟ. ಸ್ಟಿಂಫಾಲೋಸ್ ಅನ್ನೋ ಊರಿನ ಬಗ್ಗೆ ಆತ ಹೇಳೋದು ಹೀಗೆ: ಅಲ್ಲಿ ಹೇರಾಳಿಗೆ ಮೂರು ಗುಡಿ, ಮೂರು ಹೆಸರು. ಒಂದರಲ್ಲಿ ಆಕೆ ಹುಡುಗಿ, ಎರಡನೆಯದರಲ್ಲಿ ಮದುವೆಯಾದವಳು, ಮೂರನೆಯದರಲ್ಲಿ ವಿಧವೆ. ಝೂಸ್‌ಗೆ ಸಾವಿಲ್ಲ, ಹಾಗಾದ್ರೆ ವಿಧವೆ ಹೇಗೆ? ಗಂಡನ ಜೊತೆ ಜಗಳ ಆಡಿ ಆ ಊರಿಗೆ ವಾಪಸ್ ಬಂದಿದ್ದಕ್ಕೆ ಆ ಹೆಸರಂತೆ. ತವರಿಗೆ ಬಂದು ಕೂತವಳು! ಪೌಸಾನಿಯಾಸ್‌ನೇ ಇನ್ನೊಂದು ಮಾತು ಬರೀತಾನೆ. ನಾಪ್ಲಿಯಾ ಅನ್ನೋ ಊರಿನ ಹತ್ತಿರದ ಕನಾಥೋಸ್ ಬುಗ್ಗೆಯಲ್ಲಿ ಹೇರಾ ವರ್ಷಕ್ಕೊಮ್ಮೆ ಮಿಂದು ಮತ್ತೆ ಕನ್ಯೆ ಆಗ್ತಾಳೆ ಅಂತ ಆರ್ಗೋಸ್‌ನ ಜನ ಹೇಳ್ತಾರೆ ಅಂತ. ಅಥೆನ್ಸಿನಲ್ಲಿ ಹೇರಾ-ಝೂಸರ ಮದುವೆ ಹಬ್ಬ ಬರ್ತಿದ್ದದ್ದು ಗಾಮೆಲಿಯೋನ್ ತಿಂಗಳಲ್ಲಿ, ನಮ್ಮ ಜನವರಿ-ಫೆಬ್ರವರಿ ಹೊತ್ತಿಗೆ.

ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯ್ತು ಅಂತ ವಾಟ್ಸಾಪ್ ಫಾರ್ವರ್ಡ್ ಮಾಡಬೇಡ್ರಿ. ಎರಡಕ್ಕೂ ಸಂಬಂಧ ಇಲ್ಲ. ಹೋಲಿಕೆ ಇರೋದು ಬೇರೆ ಕಡೆ. ಗ್ರೀಸಿನಲ್ಲೂ ನಮ್ಮಲ್ಲೂ ಹೆಣ್ಣಿನ ಬದುಕನ್ನ ಸಮಾಜ ಗಂಡನ ಲೆಕ್ಕದಲ್ಲಿ ಭಾಗ ಮಾಡಿತ್ತು: ಮದುವೆಗೆ ಮೊದಲು, ಮದುವೆಯಾದ ಮೇಲೆ, ಗಂಡ ಹೋದ ಮೇಲೆ. ಮನುಷ್ಯರ ಹೆಣ್ಣುಮಕ್ಕಳಿಗೆ ಇದು ಒಂದೇ ದಿಕ್ಕಿನ ದಾರಿ, ಹಿಂದಕ್ಕೆ ಬರೋ ಹಾಗಿಲ್ಲ. ದೇವಿಗೆ ಮಾತ್ರ ಅದು ಚಕ್ರ. ಹೇರಾ ಮಿಂದರೆ ಮತ್ತೆ ಹುಡುಗಿ. ಯಲ್ಲಮ್ಮನಿಗೆ ಮಾಘ ಬಂದರೆ ಮತ್ತೆ ಬಳೆ.

ನಮ್ಮ ಅಜ್ಜಿಯರ ಕಾಲದಲ್ಲಿ ಗಂಡ ಸತ್ತವಳು ಬಳೆ ಒಡೆದರೆ ಮುಗೀತು, ಸಾಯೋತನಕ ಬರಿಗೈ. ಅಂಥವಳೂ ಗುಡ್ಡಕ್ಕೆ ಬಂದು, ತನ್ನ ಹಾಗೇ ಬರಿಗೈಲಿ ಕೂತ ದೇವಿಯನ್ನ ಆ ಎರಡು ತಿಂಗಳು ನೋಡ್ತಿದ್ದಳು. ಯಲ್ಲಮ್ಮನ ಶಕ್ತಿಯ ಒಂದು ಗುಟ್ಟು ಇಲ್ಲಿದೆ ಅಂತ ನನಗನಿಸುತ್ತೆ. ದುಃಖ ಏನು ಅಂತ ಗೊತ್ತಿರೋ ದೇವಿ ಆಕೆ.

ಯಾರು ಏನು ಕೇಳ್ತಾರೆ, ಯಾರು ಸೇವೆ ಮಾಡ್ತಾರೆ

ಯಲ್ಲಮ್ಮನ ಹತ್ತಿರ ಜನ ಏನು ಬೇಡ್ತಾರೆ? ಮಕ್ಕಳು. ಚರ್ಮರೋಗ ವಾಸಿಯಾಗಲಿ ಅಂತ. ದನಕರು, ಬೆಳೆ, ಮಳೆ. ಹರಕೆ ತೀರಿಸೋ ರೀತಿಯೂ ನೂರೆಂಟು. ದೀಡ್ ನಮಸ್ಕಾರ ಹಾಕ್ತಾರೆ. ಬೇವಿನ ಸೊಪ್ಪು ಉಟ್ಕೊಂಡು ಬರ್ತಾರೆ. ಗುಡ್ಡದ ಬಯಲಲ್ಲೇ ಒಲೆ ಹೂಡಿ ಹೋಳಿಗೆ, ಕಡಬು, ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ ಪರಡಿ ತುಂಬಿಸ್ತಾರೆ. ಪರಡಿ ಅಂದ್ರೆ ಜೋಗತಿಯರ ಬುಟ್ಟಿ. ದೇವಿಗೆ ಮುಟ್ಟಿಸಬೇಕಾದ ಊಟ ಮೊದಲು ಅವರ ಬುಟ್ಟಿಗೆ ಹೋಗುತ್ತೆ. ಬರೋರು ಬರೀ ಕರ್ನಾಟಕದವರಲ್ಲ. ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರದ ಕಡೆಯಿಂದ, ಗೋವೆಯಿಂದ ಜನ ಬರ್ತಾರೆ. ಆ ಕೊಳ್ಳದಲ್ಲಿ ಮರಾಠಿ, ಕನ್ನಡ ಎರಡೂ ಒಂದೇ ಕೂಗಿನಲ್ಲಿ ಸೇರ್ತವೆ.

ಸೇವೆ ಮಾಡೋರಲ್ಲಿ ಎರಡು ಲೋಕ ಇದೆ. ಗರ್ಭಗುಡಿಯ ಒಳಗಿನ ಪೂಜೆ ಲಿಂಗಾಯತ ಅರ್ಚಕರದ್ದು. ಗುಡಿಯ ಹೊರಗೆ, ಊರೂರ ಓಣಿಯಲ್ಲಿ ದೇವಿಯನ್ನ ಹೊತ್ತು ತಿರುಗೋದು ಜೋಗತಿ ಮತ್ತು ಜೋಗಪ್ಪಂದಿರು. ಜೋಗಪ್ಪ ಅಂದ್ರೆ ಗಂಡಾಗಿ ಹುಟ್ಟಿ, ದೇವಿ ಒಲಿದಳು ಅಂತ ಸೀರೆ ಉಟ್ಟವರು. ತಲೆ ಮೇಲೆ ದೇವಿಯ ಮುಖವಿರೋ ಕೊಡ ಅಥವಾ ಜಗ. ಕೈಯಲ್ಲಿ ಚೌಡಿಕೆ, ಪಕ್ಕದಲ್ಲಿ ಶ್ರುತಿ ಹಿಡಿದವರು. ಮಂಗಳವಾರ, ಶುಕ್ರವಾರ ಮನೆ ಮನೆಗೆ ಹೋಗಿ ಜೋಗ ಬೇಡ್ತಾರೆ. ತಲೆ ಮೇಲೆ ಕೊಡ ಇಟ್ಕೊಂಡು, ಕೈ ಹಚ್ಚದೆ ಕುಣಿಯೋ ಜೋಗತಿ ನೃತ್ಯ ನೋಡಿದ್ದೀರಲ್ಲ? ಮರಳಿನ ಕೊಡ ಹೊತ್ತು ಬರೋ ರೇಣುಕೆ ನೆನಪಾಗ್ತಾಳೆ. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಈ ಕಲೆಯಿಂದಲೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಇಲ್ಲಿಯವರೆಗೆ ಕೇಳಿದ್ರೆ ಹೆಮ್ಮೆ ಪಡೋ ಕತೆ. ಇನ್ನರ್ಧವನ್ನ ಬಿಟ್ಟು ಹೋಗೋ ಹಾಗಿಲ್ಲ.

ಮುತ್ತು ಕಟ್ಟಿದ ಲೆಕ್ಕ

ಮುತ್ತು ಕಟ್ಟೋದು ಅಂದ್ರೆ ಕೆಂಪು-ಬಿಳಿ ಮಣಿಯ ಸರವನ್ನ ಕೊರಳಿಗೆ ಕಟ್ಟಿ ದೇವಿಗೆ ಬಿಡೋದು. ಬಹುಪಾಲು ದಲಿತ ಕೇರಿಯ ಹುಡುಗಿಯರು. ಎಷ್ಟೋ ಸಲ ಮೈನೆರೆಯೋ ಮೊದಲೇ. ಕಾರಣ ಬೇರೆ ಬೇರೆ. ಮನೆಯಲ್ಲಿ ಯಾರಿಗೋ ರೋಗ ಬಂತು, ಹರಕೆ ಹೊತ್ತರು. ಹುಡುಗಿಯ ತಲೆಗೂದಲು ಗಂಟು ಕಟ್ಟಿ ಜಡೆ ಆಯ್ತು, ಅದು ದೇವಿಯ ಕರೆ ಅಂತ ತಿಳಿದರು. ಗಂಡು ಮಕ್ಕಳಿಲ್ಲ, ಮಗಳನ್ನೇ ಮನೆಯಲ್ಲಿ ಇಟ್ಕೊಂಡು ಮಗನ ಹಾಗೆ ನೋಡಬೇಕು ಅಂದರು. ಮುತ್ತು ಕಟ್ಟಿಸಿಕೊಂಡವಳು ಮದುವೆ ಆಗಿ ಬೇರೆ ಮನೆಗೆ ಹೋಗೋ ಹಾಗಿಲ್ಲ. ತವರಲ್ಲೇ ಉಳೀತಾಳೆ, ತವರನ್ನ ಸಾಕ್ತಾಳೆ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಇದನ್ನ ಜಮಾ-ಖರ್ಚಿನ ಕಣ್ಣಲ್ಲಿ ನೋಡೋ ಚಟ. ಮನೆಯವರಿಗೆ ದುಡಿದು ಹಾಕೋ ಒಬ್ಬ 'ಮಗ' ಸಿಕ್ಕ. ಊರಿಗೆ ಮದುವೆ, ಹಬ್ಬಗಳಲ್ಲಿ ಆರತಿ ಎತ್ತೋಕೆ ಒಬ್ಬ ಶುಭದ ಹೆಂಗಸು ಸಿಕ್ಕಳು. ಹಣವಿದ್ದ ಗಂಡಸಿಗೆ ತಾಳಿ ಕಟ್ಟದೆ, ಹೊಲ ಬರೆದುಕೊಡದೆ ಇಟ್ಕೊಳ್ಳೋಕೆ ಒಬ್ಬಳು ಸಿಕ್ಕಳು. ಆಕೆಗೆ ಸಿಕ್ಕಿದ್ದೇನು? ನಿತ್ಯ ಮುತ್ತೈದೆ ಅನ್ನೋ ಬಿರುದು. ಗಂಡನೇ ಇಲ್ಲದವಳು ವಿಧವೆ ಆಗೋದು ಹೇಗೆ? ಇಟ್ಟುಕೊಂಡ ಗಂಡಸು ಬಿಟ್ಟು ಹೋದ ಮೇಲೆ ಆಕೆಯ ಮಕ್ಕಳಿಗೆ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಕೆಲವರ ದಾರಿ ಮುಂಬಯಿ, ಪುಣೆ, ಸಾಂಗ್ಲಿಯ ವೇಶ್ಯಾಗೃಹದವರೆಗೆ ಹೋಯ್ತು.

ಆ ಎರಡು ಹುಣ್ಣಿಮೆ ಈಗ ಮತ್ತೆ ನೆನಪು ಮಾಡ್ಕೊಳ್ರಿ. ಜೋಗತಿ ದೇವಿಯ ಜೊತೆ ಬಳೆ ಒಡೀತಿದ್ದಳು, ದೇವಿಯ ಜೊತೆ ಮತ್ತೆ ತೊಡ್ತಿದ್ದಳು. ಕೈ ಮಟ್ಟಿಗೆ ಇಬ್ಬರದೂ ಒಂದೇ ಚಕ್ರ. ಆದರೆ ರೇಣುಕೆಗೆ ಮಾಘದಲ್ಲಿ ಗಂಡ, ಮನೆ, ಮಾನ ಎಲ್ಲ ಮರಳಿ ಬಂತು. ಜೋಗತಿಗೆ ಮರಳಿದ್ದು ಬಳೆ ಮಾತ್ರ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಲೂಸಿಂಡಾ ರಾಂಬರ್ಗ್ ಈ ಭಾಗದ ಜೋಗತಿಯರ ಜೊತೆ ಇದ್ದು 2014ರಲ್ಲಿ ಒಂದು ಪುಸ್ತಕ ತಂದರು. ಈ ಹೆಂಗಸರನ್ನ ಬರೀ ಬಲಿಪಶು ಅಂತ ನೋಡಿದರೆ ಅರ್ಧ ಮಾತ್ರ ಕಾಣುತ್ತೆ ಅಂತ ಅವರ ವಾದ. ಅವರು ದೇವಿಯನ್ನ ಮದುವೆಯಾದವರು, ದೇವಿಯ ಪೂಜಾರಿಗಳು, ಮನೆಯ ಯಜಮಾನಿಕೆ ಹೊತ್ತವರು ಅಂತ. ಈ ಮಾತಿನಲ್ಲಿ ಸತ್ಯ ಇದೆ. ಊರಿಗೆ ಆಶೀರ್ವಾದ ಕೊಡೋ ಅಧಿಕಾರ ಅವರಿಗಿತ್ತು. ಆದರೆ ಆ ಅಧಿಕಾರಕ್ಕೆ ಬೆಲೆ ಕಟ್ಟಿದ್ದು ಏಳೆಂಟು ವರ್ಷದ ಹುಡುಗಿ, ಮತ್ತು ಅವಳನ್ನ ಯಾರೂ ಕೇಳಲಿಲ್ಲ. ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೆ ನಿಲ್ಲುತ್ತೆ.

ಕಾನೂನು ತಡವಾಗಿಯಾದ್ರೂ ಬಂತು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲಿ ಬಾಂಬೆ ದೇವದಾಸಿ ರಕ್ಷಣಾ ಕಾಯ್ದೆ. ಆಮೇಲೆ 1982ರಲ್ಲಿ ಕರ್ನಾಟಕ ದೇವದಾಸಿಯರ ಸಮರ್ಪಣಾ ನಿಷೇಧ ಕಾಯ್ದೆ, ಜಾರಿಗೆ ಬಂದಿದ್ದು 1984ರಲ್ಲಿ. 1982 ಅಂದ್ರೆ ಗೋಕಾಕ ಚಳವಳಿಯ ವರ್ಷ. ವಿ.ಕೃ. ಗೋಕಾಕರ ವರದಿಯಿಂದಾಗಿ ನಮ್ಮೂರಿನ ಹೆಸರು ರಾಜ್ಯದ ಗೋಡೆ ಗೋಡೆಯ ಮೇಲಿತ್ತು. ಅದೇ ವರ್ಷದ ಈ ಕಾಯ್ದೆ ಎಷ್ಟು ಜನಕ್ಕೆ ನೆನಪಿದೆ? ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ ಜೈಲು. ಕಟ್ಟಿಸಿದವರು ತಂದೆ-ತಾಯಿ ಅಥವಾ ಪೋಷಕರೇ ಆಗಿದ್ದರೆ 2ರಿಂದ 5 ವರ್ಷ.

ಕಾಗದದಲ್ಲಿ ನಿಷೇಧ ಆಯ್ತು, ಪದ್ಧತಿ ಗುಟ್ಟಾಗಿ ಮನೆಯೊಳಗೆ ಹೋಯ್ತು. ಗುಡ್ಡದ ಬದಲು ಊರ ಸಣ್ಣ ಗುಡಿಯಲ್ಲಿ, ಹಗಲಿನ ಬದಲು ರಾತ್ರಿ. ಸರ್ಕಾರದ 1993-94ರ ಸಮೀಕ್ಷೆಯಲ್ಲಿ 22,873 ಮಹಿಳೆಯರು ಸಿಕ್ಕರು. 2007-08ರ ಮರುಸಮೀಕ್ಷೆ ಸೇರಿಸಿದ ಮೇಲೆ ಪಟ್ಟಿ 46,660ಕ್ಕೆ ಏರಿತು. ಒಂದು ಮಧ್ಯಮ ಊರಿನಷ್ಟು ಜನಸಂಖ್ಯೆ, ಎಲ್ಲರೂ ಹೆಂಗಸರು.

ಘಟಪ್ರಭೆಯಲ್ಲಿ ನಡೆದದ್ದು

ಈಗ ನಮ್ಮ ತಾಲೂಕಿಗೆ ಬರೋಣ. ಗೋಕಾಕ ತಾಲೂಕಿನ ಘಟಪ್ರಭಾ ಅಂದ್ರೆ ನಿಮಗೆ ರೈಲ್ವೆ ಸ್ಟೇಷನ್ ನೆನಪಾಗಬಹುದು, ಆಸ್ಪತ್ರೆ ನೆನಪಾಗಬಹುದು. ಈ ಇತಿಹಾಸದಲ್ಲಿ ಘಟಪ್ರಭೆಗೆ ಇನ್ನೊಂದು ಜಾಗ ಇದೆ. 1990ರ ದಶಕದಲ್ಲಿ ಮೈರಾಡ ಸಂಸ್ಥೆ ಇಲ್ಲಿ ಮಾಜಿ ದೇವದಾಸಿಯರ ಜೊತೆ ಕೆಲಸ ಶುರು ಮಾಡ್ತು. ಸಣ್ಣ ಸಣ್ಣ ಸಂಘ ಕಟ್ಟಿಸೋದು, ಉಳಿತಾಯ, ಸಾಲ. 1997ರಲ್ಲಿ ಆ ಹೆಂಗಸರೇ ತಮ್ಮದೇ ಸಂಸ್ಥೆ ಮಾಡ್ಕೊಂಡರು. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಚಿಕ್ಕದಾಗಿ ಮಾಸ್.

ಇದನ್ನ ನಡೆಸಿದವರು ಹೊರಗಿನಿಂದ ಬಂದ ಸುಧಾರಕರಲ್ಲ ಅನ್ನೋದೇ ಇಲ್ಲಿ ಮುಖ್ಯ. ಅದರ ಮುಂದಾಳು ಸೀತವ್ವ ಜೋಡಟ್ಟಿ ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಸಣ್ಣ ಹುಡುಗಿಯಾಗಿದ್ದಾಗ ಅವರಿಗೂ ಮುತ್ತು ಕಟ್ಟಿದ್ದರು. ಕಾಯ್ದೆಯ ಪುಸ್ತಕ ಹಿಡಿದು ಬಂದ ಸಾಹೇಬರು ಒಬ್ಬ ತಾಯಿಗೆ ಇದು ಅಪರಾಧ ಅಂದರೆ, ದೇವಿ ಮುನಿದರೆ ನೀವು ಬಂದು ಕಾಯ್ತೀರೇನ್ರೀ ಅಂತ ಆಕೆ ಕೇಳಬಹುದು. ಸ್ವತಃ ದೇವಿಗೆ ಬಿಟ್ಟವಳೇ ಎದುರು ಕೂತು, ಅವ್ವಾ, ನನ್ನ ನೋಡು, ನಾನು ಮುತ್ತು ತೆಗೆದೀನಿ, ದೇವಿ ನನಗೇನೂ ಮಾಡಿಲ್ಲ ಅಂದರೆ ಎದುರುತ್ತರ ಇಲ್ಲ. ಜಾತ್ರೆಯಲ್ಲಿ ಕಣ್ಣಿಟ್ಟು ಕಾಯೋದು, ಮುತ್ತು ಕಟ್ಟೋ ಸುದ್ದಿ ಬಂದರೆ ಹೋಗಿ ತಡೆಯೋದು, ಜಡೆ ಬಂದ ಹುಡುಗಿಯ ಕೂದಲು ಬಿಡಿಸಿ, ಇಲ್ಲಾ ಕತ್ತರಿಸಿ, ಇದು ಎಣ್ಣೆ-ನೀರು ಕಾಣದ ಕೂದಲು, ದೇವಿಯ ಕರೆಯಲ್ಲ ಅಂತ ತೋರಿಸೋದು, ಪಿಂಚಣಿ, ಮನೆ, ಮಕ್ಕಳ ಶಾಲೆಗೆ ಅರ್ಜಿ ಹಾಕಿಸೋದು ಅವರ ಕೆಲಸ. 2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು.

ಇವರು ಯಲ್ಲಮ್ಮನನ್ನ ಬೈಲಿಲ್ಲ. ದೇವಿಗೂ ಪದ್ಧತಿಗೂ ನಡುವೆ ಗೆರೆ ಎಳೆದರು. ಪೂಜೆ ಮಾಡು, ಜಾತ್ರೆಗೆ ಹೋಗು, ಪರಡಿ ತುಂಬಿಸು. ಮಗಳನ್ನ ಕೊಡಬೇಡ. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇದು ದೊಡ್ಡ ಘಟನೆ ಅನಿಸುತ್ತೆ. ಧರ್ಮದ ಆಚರಣೆ ಬದಲಾಗೋದು ಸಾಮಾನ್ಯವಾಗಿ ರಾಜನ ಆಜ್ಞೆಯಿಂದ ಅಥವಾ ಗುರುಗಳ ಮಾತಿನಿಂದ ಅಂತ ಓದಿರ್ತೀವಿ. ಇಲ್ಲಿ ಬದಲಾಯಿಸಿದವರು ಆ ಆಚರಣೆಯ ಭಾರ ಹೊತ್ತಿದ್ದವರೇ.

2025ರಲ್ಲಿ ರಾಜ್ಯ ವಿಧಾನಮಂಡಲ 1982ರ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆ ಒಪ್ಪಿತು. ತಡೆಯೋದರ ಜೊತೆಗೆ ಪರಿಹಾರ, ಪುನರ್ವಸತಿಯ ಮಾತೂ ಅದರಲ್ಲಿದೆ. ಮಕ್ಕಳಿಗೆ ಅರ್ಜಿಗಳಲ್ಲಿ ತಂದೆಯ ಹೆಸರು ಬರೀಲೇಬೇಕು ಅನ್ನೋ ಬಲವಂತ ಇರಬಾರದು ಅಂತಲೂ ಇದೆ. ಖಾಲಿ ಜಾಗ ಅಂದೆನಲ್ಲ, ಆ ಜಾಗದ ಮಾತೇ ಇದು.

ಇವತ್ತಿನ ಗುಡ್ಡ

ಕೊನೆಗೆ ಇವತ್ತಿನ ಗುಡ್ಡ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಸವದತ್ತಿ ಬಸ್ಸಿನಲ್ಲಿ ಹೆಂಗಸರದೇ ರಾಜ್ಯ. ಯಾರನ್ನೂ ದುಡ್ಡು ಕೇಳದೆ, ಆಧಾರ್ ಕಾರ್ಡ್ ತೋರಿಸಿ ಅವ್ವನ ಗುಡ್ಡಕ್ಕೆ ಹೋಗಿ ಬರೋ ಹಾಗಾಯ್ತು. 2024ರಲ್ಲಿ ಕೇಂದ್ರ ಸರ್ಕಾರ ಗುಡ್ಡದ ಪ್ರವಾಸೋದ್ಯಮ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡ್ತು. ರಸ್ತೆ, ಶೌಚಾಲಯ, ನೆರಳು, ಕುಡಿಯೋ ನೀರು ಎಲ್ಲ ಬೇಕು, ಜಾತ್ರೆಗೆ ಹೋದವರಿಗೆ ಯಾಕೆ ಬೇಕು ಅಂತ ಗೊತ್ತು.

ನನ್ನದೊಂದು ಆಸೆ ಇದೆ. ಆ ಅಭಿವೃದ್ಧಿಯ ನಕ್ಷೆಯಲ್ಲಿ ಒಂದು ಕೋಣೆ ಇರಲಿ. ಅಲ್ಲಿ ಚೌಡಿಕೆ ಇರಲಿ, ಜಗ ಇರಲಿ, ಜೋಗತಿಯರ ಹಾಡಿನ ಧ್ವನಿಮುದ್ರಣ ಇರಲಿ. ಪಕ್ಕದ ಗೋಡೆ ಮೇಲೆ 46,660 ಅನ್ನೋ ಸಂಖ್ಯೆಯೂ ಇರಲಿ, ಅದು ಹೇಗೆ ಬಂತು, ಅದನ್ನ ನಿಲ್ಲಿಸೋಕೆ ಯಾರು ಓಡಾಡಿದರು ಅಂತ ಬರೆದಿರಲಿ. ದೇವಿಯ ಮಹಿಮೆಗೆ ಅದರಿಂದ ಕುಂದು ಬರಲ್ಲ. ತಾನೇ ರೋಗಿಯಾಗಿ, ಬೇಡಿ, ಬರಿಗೈಲಿ ಕೂತು ಎದ್ದವಳಿಗೆ ನಿಜ ಕೇಳೋ ಧೈರ್ಯ ಇದ್ದೇ ಇರುತ್ತೆ.

ನಿಮಗೊಂದು ಹೋಂವರ್ಕ್. ಮನೆಯಲ್ಲಿ ಅಜ್ಜಿ, ಆಯಿ, ಅತ್ತೆ ಯಾರಾದ್ರೂ ಹಿರಿಯರಿದ್ದರೆ, ಯಲ್ಲಮ್ಮನ ಕತೆ ಹೇಳ್ರಿ ಅಂತ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ರಿ. ಒಬ್ಬೊಬ್ಬರ ಕತೆಯಲ್ಲಿ ಒಂದೊಂದು ತಿರುವು ಬೇರೆ ಇರುತ್ತೆ, ಆ ತಿರುವಿನಲ್ಲೇ ಅವರ ಊರಿನ, ಅವರ ಬದುಕಿನ ಇತಿಹಾಸ ಇರುತ್ತೆ. ಅವರು ಒಪ್ಪಿದರೆ ಮಾತ್ರ ನನಗೆ ಕಳಿಸಿ. ಒಳ್ಳೆಯವನ್ನ ಸೇರಿಸಿ ಮುಂದೊಂದು ಕಂತು ಮಾಡೋಣ.

ಮುಂದಿನ ವಾರ ಮತ್ತೆ ಸಿಗ್ತೀನಿ. ಬರ್ತೀನ್ರೀ.